ಹಿಂದಿನ ಸಾಲಿನ ತುತ್ತೂರಿ

ಹೋದ ವರ್ಷ ನಮ್ಮ ಮಂಡಲದ ರಾಜ್ಯೋತ್ಸವದ ಸಮೂಹಗಾನದಲ್ಲಿ ನನ್ನನ್ನು ಹಿಂದಿನ ಸಾಲಿಗೆ ಕಳಿಸಿದರು. ಅಲ್ಲೂ ಮೈಕಿನಿಂದ ಎರಡು ಮಾರು ದೂರ. ಕಾರಣ ಕೇಳಿದರೆ ನನ್ನ ದನಿ ಜೋರು ಅಂತ ಹೇಳಿದರು. ಶ್ರುತಿ ಸರಿಯಿಲ್ಲ ಅನ್ನುವುದನ್ನು ಮರ್ಯಾದೆಯಿಂದ ಹೇಳುವ ರೀತಿ ಅದು ಅಂತ ಆಮೇಲೆ ಗೊತ್ತಾಯಿತು, ಆ ಮಾತು ಬೇರೆ. ಎರಡು ದಿನ ಮುಖ ಊದಿಸಿಕೊಂಡು ತಿರುಗಿದೆ. ಆಗ ಪಾಶ್ಚಾತ್ಯ ಸಂಗೀತದ ಹುಚ್ಚು ಹಿಡಿಸಿಕೊಂಡ ಒಬ್ಬ ಸ್ನೇಹಿತ, ಸಮಾಧಾನಕ್ಕೋ ಗೇಲಿಗೋ ತಿಳಿಯದು, ಲೂಯಿ ಆರ್ಮ್‌ಸ್ಟ್ರಾಂಗನನ್ನೂ ಹೀಗೇ ಹಿಂದಕ್ಕೆ ಕಳಿಸಿದ್ದರು ಅಂತ ಹೇಳಿದ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಕಾಮರ್ಸಿನ ಜಮಾ ಖರ್ಚಿನಲ್ಲಿ ಮುಳುಗಿರುವ ನನಗೆ ಜಾಝ್ ಅಂದರೆ ದೊಡ್ಡ ಹೋಟೆಲಿನವರು ಕೇಳುವ ಗದ್ದಲ ಅನ್ನುವಷ್ಟೇ ಗೊತ್ತಿತ್ತು. ಆಮೇಲೆ ಓದಿದೆ, ಕೇಳಿದೆ. ಈ ಮನುಷ್ಯನ ಬದುಕನ್ನು ನಿಮಗೂ ಹೇಳಬೇಕು ಅನ್ನಿಸಿತು.

ಆ ಹಿಂದಕ್ಕೆ ಕಳಿಸಿದ ಪ್ರಸಂಗದಿಂದಲೇ ಶುರು ಮಾಡೋಣ. 1923ರ ಎಪ್ರಿಲ್. ಅಮೆರಿಕದ ಇಂಡಿಯಾನಾ ರಾಜ್ಯದ ರಿಚ್‌ಮಂಡ್ ಎಂಬ ಊರು. ಅಲ್ಲಿ ಒಂದು ಪಿಯಾನೊ ಕಾರ್ಖಾನೆಯ ಆವರಣದಲ್ಲಿ, ರೈಲು ಹಳಿಯ ಪಕ್ಕದಲ್ಲೇ, ಜೆನೆಟ್ ಕಂಪನಿಯ ರೆಕಾರ್ಡಿಂಗ್ ಕೋಣೆ. ರೈಲು ಬಂತೆಂದರೆ ಕೆಲಸ ನಿಲ್ಲಬೇಕು. ಮೈಕು ಇನ್ನೂ ಬಳಕೆಗೆ ಬಂದಿರಲಿಲ್ಲ. ದೊಡ್ಡ ಕೊಳವೆಯೊಂದರ ಬಾಯಿಯ ಎದುರು ಎಲ್ಲರೂ ಗುಂಪಾಗಿ ನಿಂತು ನುಡಿಸಬೇಕು. ಆ ಸದ್ದಿನ ಒತ್ತಡಕ್ಕೇ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಯಾರ ಸದ್ದು ಕಡಿಮೆಯೋ ಅವರು ಹತ್ತಿರ, ಯಾರ ಸದ್ದು ಹೆಚ್ಚೋ ಅವರು ದೂರ.

ಅವತ್ತು ಬಂದದ್ದು ಶಿಕಾಗೋದ ಕಿಂಗ್ ಆಲಿವರನ ಕ್ರಿಯೋಲ್ ಜಾಝ್ ಬ್ಯಾಂಡು. ಅದರಲ್ಲಿ ಎರಡು ಕಾರ್ನೆಟ್. ಕಾರ್ನೆಟ್ ಅಂದರೆ ಟ್ರಂಪೆಟ್ಟಿನ ತಮ್ಮ ಇದ್ದ ಹಾಗೆ, ಸ್ವಲ್ಪ ಗಿಡ್ಡ. ಮೊದಲನೆಯ ಕಾರ್ನೆಟ್ ಯಜಮಾನ ಜೋ ಆಲಿವರನದು. ಎರಡನೆಯದು ಅವನ ಶಿಷ್ಯ, ಇಪ್ಪತ್ತೊಂದು ವರ್ಷದ ಲೂಯಿಯದು. ಇಬ್ಬರೂ ಅಕ್ಕಪಕ್ಕ ನಿಂತು ನುಡಿಸಿದರೆ ಕೊಳವೆಗೆ ಶಿಷ್ಯನ ಸದ್ದು ಮಾತ್ರ ಕೇಳುತ್ತಿತ್ತು. ಹಾಗಾಗಿ ಅವನನ್ನು ಹಲವಾರು ಅಡಿ ಹಿಂದಕ್ಕೆ ಕಳಿಸಿದರು. ಬ್ಯಾಂಡಿನಲ್ಲಿ ಪಿಯಾನೊ ನುಡಿಸುತ್ತಿದ್ದ ಲಿಲ್ ಹಾರ್ಡಿನ್ ಎಂಬ ಹೆಣ್ಣುಮಗಳು, ಎಲ್ಲರಿಂದ ದೂರ ಸಣ್ಣ ಮುಖ ಮಾಡಿಕೊಂಡು ನಿಂತಿದ್ದ ಆ ಹುಡುಗನನ್ನು ಎಷ್ಟೋ ವರ್ಷದ ಮೇಲೂ ನೆನೆಸಿಕೊಳ್ಳುತ್ತಿದ್ದಳು.

ಇದಾಗಿ ಐದು ವರ್ಷಕ್ಕೆ, ಅದೇ ಹುಡುಗ ಅದೇ ಗುರು ಕಟ್ಟಿದ ಒಂದು ರಚನೆಯನ್ನು ತನ್ನ ಬ್ಯಾಂಡಿನೊಂದಿಗೆ ನುಡಿಸಿದ. ಅದರ ಮೊದಲ ಹನ್ನೆರಡು ಹದಿಮೂರು ಸೆಕೆಂಡುಗಳಲ್ಲಿ ಬೇರೆ ಯಾರ ವಾದ್ಯವೂ ಇಲ್ಲ, ಅವನ ತುತ್ತೂರಿ ಒಂದೇ. ಜಾಝ್ ಸಂಗೀತದಲ್ಲಿ ಅದಕ್ಕಿಂತ ಹೆಸರುವಾಸಿಯಾದ ಆರಂಭ ಇನ್ನೊಂದಿಲ್ಲ. ಹಿಂದಿನ ಮೂಲೆಯಿಂದ ಆ ಹನ್ನೆರಡು ಸೆಕೆಂಡಿಗೆ ಅವನು ಹೇಗೆ ಬಂದ?

ಲೂಯಿ ಹುಟ್ಟಿದ್ದು 1901ರ ಆಗಸ್ಟ್ 4ರಂದು, ಅಮೆರಿಕದ ದಕ್ಷಿಣದ ನ್ಯೂ ಆರ್ಲಿಯನ್ಸಿನಲ್ಲಿ. ತಾನು ಹುಟ್ಟಿದ್ದು 1900ರ ಜುಲೈ 4, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನ ಅಂತಲೇ ಅವನು ಜೀವನವಿಡೀ ಹೇಳುತ್ತಿದ್ದ. ಚರ್ಚಿನ ದಾಖಲೆಯಲ್ಲಿ ನಿಜವಾದ ತಾರೀಖು ಸಿಕ್ಕಿದ್ದು ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ. ಹುಟ್ಟಿದ ತಾರೀಖನ್ನು ಯಾರೂ ಸರಿಯಾಗಿ ನೆನಪಿಟ್ಟಿಲ್ಲ ಅಂದ ಮೇಲೆ ಮನೆಯ ಸ್ಥಿತಿ ಊಹಿಸಿಕೊಳ್ಳಿ. ಅಪ್ಪ ವಿಲಿಯಂ ಮಗು ಹುಟ್ಟಿದ ಹೊಸದರಲ್ಲೇ ಬಿಟ್ಟು ಹೋದ. ತಾಯಿ ಮೇರಿ ಆನ್ ಆಗಿನ್ನೂ ಹರೆಯದ ಹುಡುಗಿ. ಮೊದಲ ಕೆಲವು ವರ್ಷ ಅಜ್ಜಿಯೇ ಸಾಕಿದಳು. ಅವರಿದ್ದ ಬೀದಿಗಳಿಗೆ ಜನ ಇಟ್ಟ ಹೆಸರು ರಣರಂಗ. ಅಷ್ಟು ಹೊಡೆದಾಟ, ಚೂರಿ, ಕುಡಿತ.

ಗುಲಾಮಗಿರಿ ಕಾನೂನಿನಲ್ಲಿ ಹೋಗಿ ಮೂವತ್ತೈದು ವರ್ಷಕ್ಕೂ ಮೇಲಾಗಿತ್ತು. ಆದರೆ ಕಪ್ಪು ಜನಕ್ಕೆ ಶಾಲೆ ಬೇರೆ, ಟ್ರಾಮಿನಲ್ಲಿ ಸೀಟು ಬೇರೆ, ಆಸ್ಪತ್ರೆ ಬೇರೆ. ಹುಡುಗ ಏಳೆಂಟು ವರ್ಷಕ್ಕೇ ದುಡಿಯತೊಡಗಿದ. ಲಿಥುವೇನಿಯಾದಿಂದ ವಲಸೆ ಬಂದ ಕಾರ್ನೋಫ್‌ಸ್ಕಿ ಎಂಬ ಬಡ ಯೆಹೂದಿ ಕುಟುಂಬದ ಗಾಡಿಯಲ್ಲಿ ಹಗಲು ಹಳೇ ಬಟ್ಟೆ ಬಾಟಲಿ ಕೊಳ್ಳುವುದು, ರಾತ್ರಿ ಕಲ್ಲಿದ್ದಲು ಮಾರುವುದು. ಗಿರಾಕಿಗಳನ್ನು ಕರೆಯಲು ಒಂದು ತಗಡಿನ ತುತ್ತೂರಿ ಕೊಟ್ಟಿದ್ದರು. ಹುಡುಗ ಅದರಲ್ಲೇ ಹಾಡಿನ ಧಾಟಿ ಊದಲು ನೋಡುತ್ತಿದ್ದ. ಗಿರವಿ ಅಂಗಡಿಯಲ್ಲಿ ಐದು ಡಾಲರಿಗೆ ಒಂದು ಹಳೇ ಕಾರ್ನೆಟ್ ಕಂಡಾಗ ಅವರೇ ಮುಂಗಡ ಕೊಟ್ಟರು ಅಂತ ಅವನು ಮುದಿತನದಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಬರೆದಿಟ್ಟಿದ್ದಾನೆ. ಕಪ್ಪು ಹುಡುಗನನ್ನು ಊಟಕ್ಕೆ ಕೂರಿಸಿಕೊಂಡ ಆ ಮನೆಯ ನೆನಪಿಗೆ ಯೆಹೂದಿಯರ ನಕ್ಷತ್ರದ ಪದಕವನ್ನು ಕೊರಳಲ್ಲಿ ಧರಿಸುತ್ತಿದ್ದ. ಪಡೆದದ್ದನ್ನು ಮರೆಯದ ಗುಣ ಅವನಿಗೆ ಆಗಲೇ ಇತ್ತು. ಮುಂದಿನ ಕಥೆಗೆ ಇದು ಬೇಕು, ನೆನಪಿಡಿ.

1912ರ ಡಿಸೆಂಬರ್ 31ರ ರಾತ್ರಿ. ಹೊಸ ವರ್ಷದ ಗಲಾಟೆಯಲ್ಲಿ ಹನ್ನೊಂದು ವರ್ಷದ ಲೂಯಿ, ಮನೆಯಲ್ಲಿದ್ದ ಪಿಸ್ತೂಲು ತಂದು ಆಕಾಶಕ್ಕೆ ಹಾರಿಸಿದ. ಯಾರಿಗೂ ಏನೂ ಆಗಲಿಲ್ಲ. ಪೊಲೀಸರು ಹಿಡಿದರು. ಮರುದಿನವೇ, ಅಂದರೆ 1913ರ ಮೊದಲ ದಿನ, ಕಪ್ಪು ಹುಡುಗರ ಸುಧಾರಣಾ ಗೃಹಕ್ಕೆ ಸೇರಿಸಿದರು. ಬದುಕು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಲ್ಲಿ ಒಂದು ಬ್ಯಾಂಡಿತ್ತು, ಪೀಟರ್ ಡೇವಿಸ್ ಎಂಬ ಮೇಷ್ಟರಿದ್ದರು. ಇಂಥ ಬೀದಿಯಿಂದ ಬಂದ ಹುಡುಗ ಕೆಟ್ಟವನೇ ಇರಬೇಕು ಅಂತ ಮೇಷ್ಟರು ಮೊದಲು ಹತ್ತಿರ ಸೇರಿಸಲಿಲ್ಲ. ಆಮೇಲೆ ಕಂಜೀರದಂಥ ವಾದ್ಯ ಒಂದನ್ನು ಕೊಟ್ಟರು. ನಂತರ ಡ್ರಮ್, ಆಲ್ಟೊ ಹಾರ್ನ್, ಎಬ್ಬಿಸುವುದಕ್ಕೂ ಮಲಗಿಸುವುದಕ್ಕೂ ಊದುವ ಬ್ಯೂಗಲ್, ಕೊನೆಗೆ ಕಾರ್ನೆಟ್. ಕಡೆಗೆ ಬ್ಯಾಂಡಿನ ನಾಯಕನನ್ನೇ ಮಾಡಿದರು. ಆ ಬ್ಯಾಂಡು ಒಂದು ದಿನ ಲೂಯಿಯ ಓಣಿಯಲ್ಲೇ ಮೆರವಣಿಗೆ ಹೋದಾಗ ಅವನ ನೆರೆಹೊರೆಯವರು, ಜೂಜುಕೋರರು, ಬೀದಿಯ ಹೆಂಗಸರು, ಎಲ್ಲರೂ ದುಡ್ಡು ಹಾಕಿದರಂತೆ. ಹುಡುಗರಿಗೆಲ್ಲ ಹೊಸ ಸಮವಸ್ತ್ರ ಹೊಲಿಸುವಷ್ಟು ಕೂಡಿತು.

1914ರಲ್ಲಿ ಹೊರಬಂದ. ಹಗಲು ಕಲ್ಲಿದ್ದಲಿನ ಗಾಡಿ, ರಾತ್ರಿ ಎಲ್ಲಿ ಸಿಕ್ಕಿದರೆ ಅಲ್ಲಿ ಕಾರ್ನೆಟ್. ಆ ಊರಿನಲ್ಲಿ ಆಗ ಕಾರ್ನೆಟ್ಟಿಗೆ ದೊಡ್ಡ ಹೆಸರು ಜೋ ಆಲಿವರನದು. ಲೂಯಿ ಅವನ ಹಿಂದೆ ಬಿದ್ದ. ಆಲಿವರನ ಹೆಂಡತಿಗೆ ಅಂಗಡಿಯಿಂದ ಸಾಮಾನು ತಂದುಕೊಡುವುದು, ಅದಕ್ಕೆ ಬದಲಾಗಿ ಆಲಿವರನಿಂದ ಪಾಠ. ನಮ್ಮ ಗುರುಕುಲದ ಕಥೆಗಳಲ್ಲಿ ಶಿಷ್ಯ ನೀರು ಹೊತ್ತ ಹಾಗೇ ಅಲ್ಲವೇ? ಆಲಿವರ್ ತನ್ನ ಒಂದು ಹಳೇ ಕಾರ್ನೆಟ್ಟನ್ನೂ ಕೊಟ್ಟ. ಅಪ್ಪನಿಲ್ಲದ ಹುಡುಗ ಅವನನ್ನು ಪಾಪಾ ಜೋ ಅಂತ ಕರೆದ. ಕೊನೆಯವರೆಗೂ ಹಾಗೇ ಕರೆದ.

1918ರ ಹೊತ್ತಿಗೆ ಆಲಿವರ್ ಶಿಕಾಗೋಗೆ ಹೊರಟುಹೋದ. ಕಿಡ್ ಓರಿಯ ಬ್ಯಾಂಡಿನಲ್ಲಿ ಅವನ ಖಾಲಿ ಜಾಗ ಲೂಯಿಗೆ ಸಿಕ್ಕಿತು. ಆಮೇಲೆ ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ ಫೇಟ್ ಮ್ಯಾರಬಲ್ ಎಂಬಾತನ ಬ್ಯಾಂಡು. ಕಿವಿಯಿಂದ ಕಲಿತ ಹುಡುಗ ಸ್ವರಲಿಪಿ ಓದುವುದನ್ನು ಚೆನ್ನಾಗಿ ಕಲಿತದ್ದು ಆ ಹಡಗಿನ ಮೇಲೆ. ಪ್ರಯಾಣಿಕರು ಕುಣಿಯುತ್ತಿದ್ದರು, ಇವನು ಪಾಠ ಓದುತ್ತಿದ್ದ.

1922ರ ಆಗಸ್ಟಿನಲ್ಲಿ ಪಾಪಾ ಜೋನಿಂದ ತಂತಿ ಬಂತು. ಶಿಕಾಗೋಗೆ ಬಾ, ಎರಡನೇ ಕಾರ್ನೆಟ್ ನುಡಿಸು. ತಾಯಿ ದಾರಿಗೆ ಮೀನಿನ ಸ್ಯಾಂಡ್‌ವಿಚ್ ಕಟ್ಟಿಕೊಟ್ಟಳು. ಊರಿನಿಂದ ಮುಂಬಯಿಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದವರ ಮಕ್ಕಳು ನಾವು, ನಮಗಿದನ್ನು ವಿವರಿಸಬೇಕಾಗಿಲ್ಲ. ದಕ್ಷಿಣದಿಂದ ಲಕ್ಷಾಂತರ ಕಪ್ಪು ಜನ ಕೆಲಸಕ್ಕಾಗಿ, ಮಾನಕ್ಕಾಗಿ ಉತ್ತರದ ಊರುಗಳಿಗೆ ಹೋಗುತ್ತಿದ್ದ ಕಾಲ ಅದು. ಆಗಸ್ಟ್ 8ರಂದು ಲೂಯಿಯೂ ಅವರಲ್ಲೊಬ್ಬನಾದ.

ಇಲ್ಲಿ ಸ್ವಲ್ಪ ನಿಂತು ಎರಡನೇ ಕಾರ್ನೆಟ್ ಅಂದರೇನು ಅನ್ನುವುದನ್ನು ಹೇಳಬೇಕು. ನ್ಯೂ ಆರ್ಲಿಯನ್ಸಿನ ಹಳೇ ಜಾಝಿನಲ್ಲಿ ಒಬ್ಬನೇ ಮೆರೆಯುವುದು ಅಂತ ಇರಲಿಲ್ಲ. ಕಾರ್ನೆಟ್ ಮುಖ್ಯ ಧಾಟಿ ಹಿಡಿಯುತ್ತದೆ, ಕ್ಲಾರಿನೆಟ್ ಅದರ ಮೇಲೆ ಬಳ್ಳಿ ಹಬ್ಬಿಸುತ್ತದೆ, ಟ್ರಾಂಬೋನ್ ಕೆಳಗಿನಿಂದ ಆಧಾರ ಕೊಡುತ್ತದೆ, ಪಿಯಾನೊ ಬ್ಯಾಂಜೊ ಡ್ರಮ್ಮು ತಾಳ ನಡೆಸುತ್ತವೆ. ಎಲ್ಲರೂ ಒಟ್ಟಿಗೇ ನುಡಿಸಬೇಕು, ಒಬ್ಬರ ಕಾಲು ಒಬ್ಬರು ತುಳಿಯಬಾರದು. ನಡುವೆ ಮಾತ್ರ ಒಂದೆರಡು ಆವರ್ತನದ ಬಿಡುವು ಬರುತ್ತದೆ. ಬ್ಯಾಂಡು ಥಟ್ಟನೆ ನಿಲ್ಲುತ್ತದೆ, ಒಬ್ಬನು ಆ ಖಾಲಿ ಜಾಗ ತುಂಬಬೇಕು. ಶಿಕಾಗೋದ ಲಿಂಕನ್ ಗಾರ್ಡನ್ಸಿನಲ್ಲಿ ಆ ಬಿಡುವನ್ನು ಗುರು ಶಿಷ್ಯ ಇಬ್ಬರೂ ಜೊತೆಯಾಗಿ ತುಂಬುತ್ತಿದ್ದರು. ತಾನು ಮುಂದೆ ಏನು ನುಡಿಸುತ್ತೇನೆ ಅನ್ನುವುದನ್ನು ಆಲಿವರ್ ಕೆಲವು ಆವರ್ತನ ಮೊದಲೇ ಸಣ್ಣ ಸುಳಿವಿನಲ್ಲಿ ತೋರಿಸುತ್ತಿದ್ದ. ಲೂಯಿ ಅದನ್ನು ಹಿಡಿದು, ಅದಕ್ಕೆ ಹೊಂದುವ ಇನ್ನೊಂದು ಸ್ವರಸಾಲನ್ನು ಅಲ್ಲೇ ಕಟ್ಟಿ, ಸರಿಯಾದ ಘಳಿಗೆಗೆ ಸೇರಿಸುತ್ತಿದ್ದ. ಇವರು ಮನೆಯಲ್ಲಿ ಕೂತು ಅಭ್ಯಾಸ ಮಾಡಿ ಬಂದಿದ್ದಾರೆ ಅಂತಲೇ ಕೇಳುವವರು ತಿಳಿದಿದ್ದರು.

ಈ ಕೆಲಸಕ್ಕೆ ಎಂಥ ಕಿವಿ ಬೇಕು ಯೋಚಿಸಿ! ನಮ್ಮ ಕಛೇರಿಗಳಲ್ಲಿ ಗಾಯಕನ ಕಲ್ಪನಾಸ್ವರವನ್ನು ಕೇಳಿದ ಕೂಡಲೇ ಉತ್ತರ ಕೊಡುವ ಪಿಟೀಲಿನವರನ್ನು ಕಂಡಿದ್ದೇವೆ. ಇವನು ಉತ್ತರ ಕೊಡುವುದಲ್ಲ, ಪ್ರಶ್ನೆಯ ಜೊತೆಜೊತೆಗೇ ನಡೆಯಬೇಕಿತ್ತು. ಎರಡನೆಯವನಾಗಿ ಲೂಯಿ ಕಲಿತ ವಿದ್ಯೆ ಇದೇ.

ರಿಚ್‌ಮಂಡಿನ ಆ ಕೋಣೆಯಲ್ಲಿ ದೂರ ನಿಂತೇ, ಚೈಮ್ಸ್ ಬ್ಲೂಸ್ ಎಂಬ ತುಣುಕಿನಲ್ಲಿ ಅವನು ತನ್ನ ಮೊದಲ ಒಂಟಿ ವಾದನವನ್ನು ಪ್ಲೇಟಿಗೆ ಕೊಟ್ಟ. ಎರಡೇ ಸುತ್ತು. ಕಟ್ಟಿಟ್ಟ ಧಾಟಿಯಂಥದೇ, ದೊಡ್ಡ ಸಾಹಸವೇನಿಲ್ಲ. ಆದರೂ ಆ ಗುಂಪಿನ ನಡುವೆ ದುಂಡಗಿನ, ನಿಸ್ಸಂಕೋಚದ ಒಂದು ದನಿ ಕೇಳುತ್ತದೆ. ಹಳೇ ಪ್ಲೇಟಿನ ಚರಪರ ಸದ್ದಿನ ನಡುವೆಯೂ ಕೇಳುತ್ತದೆ.

ಗುರುವಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಲಿಲ್ ಹೇಳಿದ ಪ್ರಕಾರ ಆಲಿವರ್ ಆಕೆಯೊಡನೆ ಒಪ್ಪಿಕೊಂಡಿದ್ದ: ಲೂಯಿ ತನಗಿಂತ ಚೆನ್ನಾಗಿ ನುಡಿಸಬಲ್ಲ, ಆದರೆ ತನ್ನ ಜೊತೆಗೇ ಇರುವ ತನಕ ತನ್ನನ್ನು ಮೀರಲಾರ. ಎಂಥ ವಿಚಿತ್ರ ನೋಡಿ. ಊರಿನಿಂದ ಕರೆಸಿಕೊಂಡವನೂ ಅವನೇ, ಎರಡನೆಯವನಾಗಿ ಇಟ್ಟುಕೊಂಡವನೂ ಅವನೇ. ಪ್ರೀತಿಯೂ ನಿಜ, ಭಯವೂ ನಿಜ. ಕಾಮರ್ಸಿನಲ್ಲಿ ನಮಗೆ ಪ್ರತಿ ಖಾತೆಗೂ ಎರಡು ಬದಿ ಇರುತ್ತದೆ ಅಂತ ಮೊದಲ ದಿನವೇ ಹೇಳಿಕೊಡುತ್ತಾರೆ. ಮನುಷ್ಯರ ಖಾತೆಗೂ ಹಾಗೇ ಇರಬೇಕು.

ಲಿಲ್ ಮತ್ತು ಲೂಯಿ 1924ರ ಫೆಬ್ರವರಿಯಲ್ಲಿ ಮದುವೆಯಾದರು. ಓದಿದ ಹುಡುಗಿ, ಗಟ್ಟಿ ಹೆಣ್ಣು. ಎರಡನೇ ಕಾರ್ನೆಟ್ಟಿನವನ ಹೆಂಡತಿಯಾಗಿರಲು ತನಗೆ ಮನಸ್ಸಿಲ್ಲ ಅಂತ ನೇರವಾಗಿ ಹೇಳಿದಳು. ಅಷ್ಟರಲ್ಲಿ ಬ್ಯಾಂಡಿನಲ್ಲಿ ಲೆಕ್ಕದ ಜಗಳವೂ ಎದ್ದಿತ್ತು. ಯಜಮಾನ ತಮ್ಮ ಪಾಲಿನದನ್ನು ಪೂರ್ತಿ ಕೊಡುತ್ತಿಲ್ಲ ಅಂತ ಕೆಲವರು ಬಿಟ್ಟುಹೋದರು. ಲೂಯಿಗೆ ಪಾಪಾ ಜೋನನ್ನು ಬಿಡಲು ಕಾಲು ಬರಲಿಲ್ಲ. ಲಿಲ್ ತಳ್ಳಿ ತಳ್ಳಿ ಬಿಡಿಸಿದಳು.

ಅದೇ ವರ್ಷ ನ್ಯೂಯಾರ್ಕಿನಲ್ಲಿ ಫ್ಲೆಚರ್ ಹೆಂಡರ್ಸನ್ನನ ದೊಡ್ಡ ಬ್ಯಾಂಡು ಸೇರಿದ. ಅಲ್ಲಿಯವರೆಲ್ಲ ಸೂಟುಬೂಟಿನ ಜನ. ಹಳ್ಳಿಯವನಂತೆ ಬಂದ ಇವನನ್ನು ನೋಡಿ ಮೊದಮೊದಲು ನಕ್ಕರು. ಇವನು ಎದ್ದು ನಿಂತು ನುಡಿಸಿದ ಮೇಲೆ ನಗು ನಿಂತಿತು. 1925ರ ಜನವರಿಯಲ್ಲಿ ಮಹಾಗಾಯಕಿ ಬೆಸ್ಸಿ ಸ್ಮಿತ್ ಸೇಂಟ್ ಲೂಯಿಸ್ ಬ್ಲೂಸ್ ಹಾಡಿದಾಗ ಕಾರ್ನೆಟ್ಟಿನ ಜೊತೆ ಲೂಯಿಯದು, ಇನ್ನೊಂದು ವಾದ್ಯ ಹಾರ್ಮೋನಿಯಂ. ಹೌದು, ನಮ್ಮ ಪೇಟಿಯ ಸೋದರ! ಬೆಸ್ಸಿ ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವಾಗ ಇವನು ಆ ಸಾಲಿಗೆ ಒಂದು ಸಣ್ಣ ಉತ್ತರ ಊದುತ್ತಾನೆ. ಆಕೆಯ ಮಾತನ್ನು ಕತ್ತರಿಸುವುದಿಲ್ಲ, ಕಿರುಚುವುದಿಲ್ಲ. ಹೆಸರು ಬೆಸ್ಸಿಯದು, ಹಾಡು ಬೆಸ್ಸಿಯದು. ಕೇಳಿ ಮುಗಿದ ಮೇಲೆ ಎರಡು ದನಿ ನೆನಪಿರುತ್ತವೆ.

ಆ ಮೇ ತಿಂಗಳಲ್ಲಿ ಹೆಂಡರ್ಸನ್ ಬ್ಯಾಂಡು ಆಲಿವರನ ಹಳೇ ರಚನೆಯೊಂದನ್ನು ಶುಗರ್ ಫುಟ್ ಸ್ಟಾಂಪ್ ಎಂಬ ಹೆಸರಿನಲ್ಲಿ ಪ್ಲೇಟು ಮಾಡಿತು. ಅದರಲ್ಲಿ ಕಾರ್ನೆಟ್ಟಿನ ಮೂರು ಸುತ್ತಿನ ಒಂಟಿ ವಾದನವಿದೆ. ಲೂಯಿ ಅಲ್ಲಿ ತನ್ನದೇನಾದರೂ ಹೊಸದು ನುಡಿಸಬಹುದಿತ್ತು. ಮಾಡಲಿಲ್ಲ. 1923ರಲ್ಲಿ ಗುರು ನುಡಿಸಿದ ದಾರಿಯಲ್ಲೇ ನಡೆದ. ಬಿಟ್ಟುಬಂದ ಶಿಷ್ಯ ದೂರದ ಊರಿನಿಂದ ಕಳಿಸಿದ ನಮಸ್ಕಾರ ಅದು ಅಂತ ನನಗೆ ಅನ್ನಿಸುತ್ತದೆ.

ಶಿಕಾಗೋಗೆ ಮರಳಿದ ಮೇಲೆ, 1925ರ ನವೆಂಬರ್ 12ರಂದು, ಓಕೆ ಕಂಪನಿಗಾಗಿ ಅವನ ಹೆಸರಿನಲ್ಲೇ ಒಂದು ಬ್ಯಾಂಡು ರೆಕಾರ್ಡಿಂಗಿಗೆ ಕೂತಿತು: ಹಾಟ್ ಫೈವ್. ಲಿಲ್, ಹಳೇ ಯಜಮಾನ ಕಿಡ್ ಓರಿ, ಕ್ಲಾರಿನೆಟ್ಟಿಗೆ ಜಾನಿ ಡಾಡ್ಸ್, ಬ್ಯಾಂಜೊಗೆ ಜಾನಿ ಸೇಂಟ್ ಸಿರ್, ಮತ್ತು ಲೂಯಿ. ಇದು ಬಹುಮಟ್ಟಿಗೆ ರೆಕಾರ್ಡಿಂಗಿಗಾಗಿಯೇ ಕಟ್ಟಿದ ಬ್ಯಾಂಡು. ಹತ್ತು ಅಂಗುಲದ ಪ್ಲೇಟು, ಒಂದು ಬದಿಗೆ ಸುಮಾರು ಮೂರು ನಿಮಿಷ. ಹೇಳುವುದನ್ನೆಲ್ಲ ಅಷ್ಟರಲ್ಲೇ ಹೇಳಬೇಕು. ಕಪ್ಪು ಗಿರಾಕಿಗಳಿಗೆಂದೇ ಬೇರೆ ಪಟ್ಟಿಯಲ್ಲಿ ಮಾರುತ್ತಿದ್ದ ಪ್ಲೇಟುಗಳು ಇವು.

ಮೂರು ವರ್ಷದಲ್ಲಿ ಈ ಸಣ್ಣ ಬ್ಯಾಂಡುಗಳು ಜಾಝನ್ನೇ ಬದಲಿಸಿದವು. ಹೀಬಿ ಜೀಬೀಸ್‌ನಲ್ಲಿ ಲೂಯಿ ಅರ್ಥವಿಲ್ಲದ ಅಕ್ಷರಗಳನ್ನೇ ವಾದ್ಯದಂತೆ ಹಾಡಿದ. ಹಾಡಿನ ಕಾಗದ ಕೈಜಾರಿ ಬಿದ್ದದ್ದರಿಂದ ಹಾಗಾಯಿತು ಅಂತ ಒಂದು ಕಥೆಯಿದೆ. ಕಥೆ ನಂಬಿ ಬಿಡಿ, ಹಾಡು ಮಾತ್ರ ಊರೆಲ್ಲ ಹಬ್ಬಿತು. 1927ರ ಮೇ 10ರಂದು ಬ್ಯಾಂಡು ಏಳು ಜನರದಾಗಿದ್ದಾಗ ಪೊಟೇಟೊ ಹೆಡ್ ಬ್ಲೂಸ್ ಆಯಿತು. ಅದರ ಒಂದು ಸುತ್ತಿನಲ್ಲಿ ಬ್ಯಾಂಡು ಎರಡು ಆವರ್ತನಕ್ಕೊಮ್ಮೆ ಒಂದೇ ಒಂದು ಪೆಟ್ಟು ಹಾಕಿ ಸುಮ್ಮನಾಗುತ್ತದೆ. ಉಳಿದ ಜಾಗವೆಲ್ಲ ಖಾಲಿ. ಮೂವತ್ತೆರಡು ಆವರ್ತನ ಲೂಯಿ ಆ ಖಾಲಿ ಜಾಗದಲ್ಲಿ ಓಡಾಡುತ್ತಾನೆ. ಪೆಟ್ಟಿಗಿಂತ ಸ್ವಲ್ಪ ಹಿಂದೆ ಉಳಿದು ಆಮೇಲೆ ಬಂದು ಸೇರುತ್ತಾನೆ, ಒಂದು ಪದಗುಚ್ಛದ ಬಾಲ ಹಿಡಿದು ಇನ್ನೊಂದನ್ನು ಹುಟ್ಟಿಸುತ್ತಾನೆ. ನಮ್ಮ ತನಿ ಆವರ್ತನದಲ್ಲಿ ಮೃದಂಗದವನು ತಾಳವನ್ನು ಮನಸ್ಸಿನಲ್ಲಿ ಹೊತ್ತು ಹೊರಗೆ ಆಟವಾಡುವುದಿಲ್ಲವೇ, ಹಾಗೆ. ಹಿಂದೆ ಒಂದೆರಡು ಆವರ್ತನದ ಬಿಡುವಿನಲ್ಲಿ ಗುರುವಿನ ಪಕ್ಕ ನಿಂತು ಕಲಿತದ್ದು ಈಗ ಇಡೀ ಸುತ್ತಾಗಿ ಬೆಳೆದಿತ್ತು.

ಈಗ 1928ರ ಜೂನ್ 28ಕ್ಕೆ ಬರೋಣ. ಲೂಯಿಗೆ ಇನ್ನೂ ಇಪ್ಪತ್ತಾರು. ಕಾರ್ನೆಟ್ ಹೋಗಿ ಟ್ರಂಪೆಟ್ ಬಂದಿದೆ, ಕೊಳವೆ ಹೋಗಿ ಮೈಕು ಬಂದಿದೆ. ಬ್ಯಾಂಡಿನವರೂ ಹೊಸಬರು: ಪಿಯಾನೊಗೆ ಅರ್ಲ್ ಹೈನ್ಸ್, ತಾಳಕ್ಕೆ ಜಟಿ ಸಿಂಗಲ್‌ಟನ್, ಟ್ರಾಂಬೋನಿಗೆ ಫ್ರೆಡ್ ರಾಬಿನ್ಸನ್, ಕ್ಲಾರಿನೆಟ್ಟಿಗೆ ಜಿಮ್ಮಿ ಸ್ಟ್ರಾಂಗ್, ಬ್ಯಾಂಜೊಗೆ ಮ್ಯಾನ್ಸಿ ಕಾರ್. ತೆಗೆದುಕೊಂಡ ರಚನೆ ವೆಸ್ಟ್ ಎಂಡ್ ಬ್ಲೂಸ್. ನ್ಯೂ ಆರ್ಲಿಯನ್ಸಿನ ದೊಡ್ಡ ಸರೋವರದ ದಂಡೆಯಲ್ಲಿ ಜನ ಸಂಜೆ ಗಾಳಿಗೆ ಹೋಗುವ ಜಾಗದ ಹೆಸರು ಅದು. ಕಟ್ಟಿದವನು ಜೋ ಆಲಿವರ್. ಆಲಿವರ್ ತನ್ನ ಬ್ಯಾಂಡಿನೊಡನೆ ಅದನ್ನು ಪ್ಲೇಟು ಮಾಡಿ ಹದಿನೇಳೇ ದಿನವಾಗಿತ್ತು.

ಪ್ಲೇಟು ಶುರುವಾಗುತ್ತದೆ. ತಾಳವಿಲ್ಲ, ಆಧಾರವಿಲ್ಲ. ಟ್ರಂಪೆಟ್ ಒಂದೇ ನಾಲ್ಕು ಗಟ್ಟಿ ಹೆಜ್ಜೆ ಇಡುತ್ತದೆ, ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕೇರಿ ತಾರಸ್ಥಾಯಿಯಲ್ಲಿ ಒಂದು ಕ್ಷಣ ನಿಂತು, ಆಮೇಲೆ ತಿರುಗಿ ಬಳುಕಿ ಕೆಳಕ್ಕಿಳಿಯುತ್ತದೆ. ಅಷ್ಟೇ. ನಮ್ಮ ಗಾಯಕರು ತಬಲೆ ಸೇರುವ ಮೊದಲು ರಾಗದ ರೂಪ ಬಿಡಿಸುವ ಆಲಾಪವನ್ನು ಹನ್ನೆರಡು ಸೆಕೆಂಡಿಗೆ ಹಿಂಡಿ ಇಟ್ಟಂತೆ. ನಂತರ ಬ್ಯಾಂಡು ಮೆಲ್ಲಗೆ ಸೇರುತ್ತದೆ. ಬ್ಲೂಸಿನ ಒಂದು ಸುತ್ತೆಂದರೆ ನಾಲ್ಕು ಮಾತ್ರೆಯ ಹನ್ನೆರಡು ಆವರ್ತನ. ಅಂಥ ಐದು ಸುತ್ತು.

ಮೊದಲ ಸುತ್ತಿನಲ್ಲಿ ಲೂಯಿ ಗುರುವಿನ ಧಾಟಿಯನ್ನು ಸರಳವಾಗಿ ನುಡಿಸುತ್ತಾನೆ. ಎರಡನೆಯದರಲ್ಲಿ ಹಿಂದೆ ಸರಿದು ಟ್ರಾಂಬೋನಿಗೆ ಜಾಗ ಕೊಡುತ್ತಾನೆ. ಹಿಂದೆ ಜಟಿಯ ಟಕ್ ಟಕ್, ಕುದುರೆ ನಡೆದ ಹಾಗೆ. ಮೂರನೆಯದು ನನಗೆ ಬಹಳ ಇಷ್ಟ. ಕ್ಲಾರಿನೆಟ್ ಕೆಳಸ್ವರದಲ್ಲಿ ಒಂದು ಮಾತು ಹೇಳುತ್ತದೆ, ಲೂಯಿ ವಾದ್ಯ ಇಳಿಸಿ ಬಾಯಲ್ಲೇ, ಅಕ್ಷರವಿಲ್ಲದ ಮೃದುವಾದ ದನಿಯಲ್ಲಿ ಉತ್ತರ ಕೊಡುತ್ತಾನೆ. ನಾಲ್ಕನೆಯದು ಪೂರ್ತಿ ಹೈನ್ಸನ ಪಿಯಾನೊ. ಐದನೆಯದಕ್ಕೆ ಲೂಯಿ ಮರಳಿ ಬಂದು ಮೇಲಿನ ಒಂದು ಸ್ವರ ಹಿಡಿಯುತ್ತಾನೆ. ಹಿಡಿದೇ ಇರುತ್ತಾನೆ. ಹೆಚ್ಚುಕಡಿಮೆ ನಾಲ್ಕು ಆವರ್ತನ ಆ ಒಂದೇ ಸ್ವರ ನಿಲ್ಲುತ್ತದೆ, ಕೆಳಗೆ ಬ್ಯಾಂಡು ನಡೆಯುತ್ತಿರುತ್ತದೆ. ಕೇಳುವವರಿಗೆ ಉಸಿರು ಕಟ್ಟುತ್ತದೆ. ಆಮೇಲೆ ಆ ಸ್ವರ ಒಡೆದು ಕೆಳಕ್ಕೆ ಸುರಿಯುತ್ತದೆ.

ಗಮನಿಸಿ, ಮೂರು ಚಿಲ್ಲರೆ ನಿಮಿಷದ ಈ ಪ್ಲೇಟಿನಲ್ಲಿ ಅರ್ಧದಷ್ಟು ಹೊತ್ತು ಲೂಯಿ ಬೇರೆಯವರನ್ನು ಕೇಳುತ್ತಿದ್ದಾನೆ. ಎಲ್ಲರಿಗಿಂತ ಎದ್ದು ಕಾಣುವವನು ಎಲ್ಲರಿಗಿಂತ ಹೆಚ್ಚು ಕೇಳಿಸಿಕೊಂಡವನು. ಹಿಂದಿನ ಮೂಲೆ ಅವನಿಗೆ ಶಿಕ್ಷೆಯಾಗಿದ್ದರೂ ಪಾಠವೂ ಆಗಿತ್ತು.

ಆದರೆ ಗುರುವಿನ ಕಥೆ? ಅದನ್ನು ಬರೆಯುವುದಕ್ಕೆ ಕೈ ಹಿಂದೇಟು ಹಾಕುತ್ತದೆ. ಆಲಿವರನಿಗೆ ಒಸಡಿನ ಕಾಯಿಲೆ ಬಂದು ಹಲ್ಲುಗಳು ಉದುರಿದವು. ಹಲ್ಲಿಲ್ಲದೆ ಕಾರ್ನೆಟ್ ಊದುವುದು ಆಗದ ಮಾತು. ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನ ಕೆಲಸ ಬಂದಾಗ ಸಂಬಳ ಸಾಲದು ಅಂತ ಬಿಟ್ಟ. ಅದು ಡ್ಯೂಕ್ ಎಲಿಂಗ್‌ಟನ್ನನ ಪಾಲಾಗಿ ಎಲಿಂಗ್‌ಟನ್ ಮೇಲೇರಿದ. ಆರ್ಥಿಕ ಕುಸಿತದ ಕಾಲದಲ್ಲಿ ಆಲಿವರನ ಬ್ಯಾಂಡು ಮುರಿದ ಬಸ್ಸಿನಲ್ಲಿ ದಕ್ಷಿಣದ ಊರೂರು ಅಲೆದು ಚದುರಿತು. ಸವಾನಾ ಎಂಬ ಊರಿನಲ್ಲಿ ಕಿಂಗ್ ಅನ್ನಿಸಿಕೊಂಡವನು ತರಕಾರಿ ಮಾರಿದ, ಆಟದ ಕ್ಲಬ್ಬೊಂದರಲ್ಲಿ ನೆಲ ಗುಡಿಸಿದ. 1937ರಲ್ಲಿ ಲೂಯಿಯ ಬ್ಯಾಂಡು ಆ ಊರಿಗೆ ಹೋದಾಗ, ತರಕಾರಿ ಅಂಗಡಿಯಲ್ಲಿ ನಿಂತ ಪಾಪಾ ಜೋ ಸಿಕ್ಕಿದನಂತೆ. ಲೂಯಿ ತನ್ನ ಜೇಬಿನಲ್ಲಿದ್ದುದನ್ನೆಲ್ಲ ಕೊಟ್ಟ, ಬ್ಯಾಂಡಿನವರಿಂದಲೂ ಕೊಡಿಸಿದ. ಆ ರಾತ್ರಿ ಆಲಿವರ್ ಹೊಸ ಬಟ್ಟೆ ತೊಟ್ಟು ಬಂದು ಪಕ್ಕದಲ್ಲಿ ನಿಂತು ಶಿಷ್ಯನನ್ನು ಕೇಳಿದ ಅಂತ ಲೂಯಿ ಹೇಳಿಕೊಂಡಿದ್ದಾನೆ. 1938ರ ಎಪ್ರಿಲಿನಲ್ಲಿ ಆಲಿವರ್ ತೀರಿಕೊಂಡ.

ಲೂಯಿ ಸಾಲ ತೀರಿಸಿದನೇ? ದುಡ್ಡಿನ ಲೆಕ್ಕದಲ್ಲಿ ಅಲ್ಪಸ್ವಲ್ಪ. ನಾನು ಎಷ್ಟು ಯೋಚಿಸಿದರೂ ಈ ಖಾತೆಯ ಎರಡು ಬದಿ ಸರಿಹೊಂದುವುದಿಲ್ಲ. ಗುರು ಕೊಟ್ಟದ್ದರಿಂದಲೇ ಶಿಷ್ಯ ಗುರುವನ್ನು ಮರೆಮಾಡಿದ. ಇವತ್ತು ವೆಸ್ಟ್ ಎಂಡ್ ಬ್ಲೂಸ್ ಅಂದರೆ ಆರ್ಮ್‌ಸ್ಟ್ರಾಂಗ್ ಅನ್ನುತ್ತಾರೆ. ಆದರೆ ಆರ್ಮ್‌ಸ್ಟ್ರಾಂಗನ ಆ ಪ್ಲೇಟು ಇಲ್ಲದಿದ್ದರೆ ಆಲಿವರನ ಧಾಟಿ ಇಷ್ಟು ಜನರ ಕಿವಿಗೆ ಬೀಳುತ್ತಲೂ ಇರಲಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ಎಲ್ಲರಿಗೂ ಗೊತ್ತಿರುವ ಆರ್ಮ್‌ಸ್ಟ್ರಾಂಗ್. ಯುರೋಪು, ಸಿನಿಮಾ, ಬಿಳಿ ಕರವಸ್ತ್ರ, ಅಗಲ ನಗು, ಗೊರಗೊರ ದನಿ, ಸ್ಯಾಚ್ಮೊ ಎಂಬ ಅಡ್ಡಹೆಸರು. ಬಿಳಿಯರ ಮುಂದೆ ಹಲ್ಲುಕಿರಿಯುತ್ತಾನೆ ಅಂತ ಕಪ್ಪು ತರುಣರೇ ಅವನನ್ನು ಹಳಿದರು. ಆದರೆ 1931ರಲ್ಲಿ ಸ್ವಂತ ಊರಿನ ಕಾರ್ಯಕ್ರಮದಲ್ಲಿ ಬಿಳಿಯ ಉದ್ಘೋಷಕ ಇವನ ಹೆಸರು ಹೇಳಲು ಒಪ್ಪದಿದ್ದಾಗ ತನ್ನನ್ನು ತಾನೇ ಪರಿಚಯಿಸಿಕೊಂಡು ನುಡಿಸಿದವನೂ ಇವನೇ. ಲೂಸಿಯಾನಾ ರಾಜ್ಯದ ಕಾನೂನು ಬಿಳಿಯರೂ ಕಪ್ಪಿನವರೂ ಒಟ್ಟಿಗೆ ನುಡಿಸಬಾರದು ಅಂದಾಗ, ಕಾನೂನು ಬದಲಾಗುವ ತನಕ ಹುಟ್ಟೂರಿನಲ್ಲಿ ನುಡಿಸಲಿಲ್ಲ. ಮತ್ತೆ ಹೋದದ್ದು 1965ರಲ್ಲಿ. 1957ರ ಸೆಪ್ಟೆಂಬರಿನಲ್ಲಿ ಲಿಟಲ್ ರಾಕ್ ಎಂಬಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳನ್ನು ಶಾಲೆಯೊಳಗೆ ಬಿಡದಿದ್ದಾಗ, ಇಪ್ಪತ್ತೊಂದು ವರ್ಷದ ಕಾಲೇಜು ಹುಡುಗನೊಬ್ಬ ಪತ್ರಿಕೆಯ ಪರವಾಗಿ ಇವನನ್ನು ಮಾತಾಡಿಸಿದ. ಲೂಯಿ ಅಧ್ಯಕ್ಷ ಐಸೆನ್‌ಹೋವರನನ್ನೇ ಖಾರವಾಗಿ ಬೈದು, ಸರ್ಕಾರದ ಪರವಾಗಿ ರಷ್ಯಾಕ್ಕೆ ಹೋಗುವುದಿಲ್ಲ ಅಂದುಬಿಟ್ಟ. ನಗುವ ಮುಖದ ಹಿಂದಿದ್ದ ಮನುಷ್ಯ ಅಂದು ಲೋಕಕ್ಕೆ ಕಂಡ. 1964ರಲ್ಲಿ, ಅರವತ್ತೆರಡನೇ ವಯಸ್ಸಿನಲ್ಲಿ, ಹಲೋ ಡಾಲಿ ಹಾಡಿ ಬೀಟಲ್ಸ್ ಹುಡುಗರನ್ನು ಮೊದಲ ಸ್ಥಾನದಿಂದ ಇಳಿಸಿದ. 1971ರ ಜುಲೈ 6ರಂದು ನ್ಯೂಯಾರ್ಕಿನ ಕ್ವೀನ್ಸಿನ ತನ್ನ ಸಾಧಾರಣ ಮನೆಯಲ್ಲಿ ನಿದ್ದೆಯಲ್ಲೇ ಹೋದ.

ನಮ್ಮ ಮುಂಬಯಿಗೂ ಅವನ ಗಾಳಿ ಬೀಸಿತ್ತು. ಚಿಕ್ ಚಾಕೊಲೇಟ್ ಎಂಬ ಹೆಸರಿನ ಗೋವಾದ ಟ್ರಂಪೆಟ್ ವಾದಕರನ್ನು ಇಲ್ಲಿಯ ಜನ ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಅಂತ ಕರೆಯುತ್ತಿದ್ದರು. 1951ರ ಅಲಬೇಲಾ ಚಿತ್ರದಲ್ಲಿ ಸಿ. ರಾಮಚಂದ್ರರ ಸಂಗೀತಕ್ಕೆ ಅವರ ತುತ್ತೂರಿಯಿದೆ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. 1977ರಲ್ಲಿ ಅಮೆರಿಕದವರು ವಾಯೇಜರ್ ಎಂಬ ಎರಡು ನೌಕೆಗಳನ್ನು ಆಕಾಶಕ್ಕೆ ಕಳಿಸುವಾಗ, ಚಿನ್ನದ ಲೇಪದ ಒಂದೊಂದು ಪ್ಲೇಟನ್ನು ಜೊತೆಗಿಟ್ಟರು. ಭೂಮಿಯ ಸಂಗೀತದ ಇಪ್ಪತ್ತೇಳು ತುಣುಕು ಅದರಲ್ಲಿವೆ. ಒಂದು ಲೂಯಿಯ ಹಾಟ್ ಸೆವೆನ್ 1927ರಲ್ಲಿ ನುಡಿಸಿದ ಮೆಲಂಕಲಿ ಬ್ಲೂಸ್. ಇನ್ನೊಂದು ಕೇಸರಬಾಯಿ ಕೇರ್ಕರ್ ಅವರ ಭೈರವಿ, ಮೂರೂವರೆ ನಿಮಿಷದ್ದು. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರೂ ಅದೇ ಜೈಪುರ ಅತ್ರೌಲಿ ಘರಾಣೆಯವರು. ಒಂದು ನೌಕೆ 2012ರಲ್ಲಿ ಸೂರ್ಯನ ಗಾಳಿಯ ಎಲ್ಲೆ ದಾಟಿತು. ಕಲ್ಲಿದ್ದಲು ಮಾರಿದ ಹುಡುಗನ ತುತ್ತೂರಿಯೂ ನಮ್ಮ ಭೈರವಿಯೂ ಒಂದೇ ಪ್ಲೇಟಿನ ಮೇಲೆ ನಕ್ಷತ್ರಗಳ ನಡುವೆ ಹೋಗುತ್ತಿವೆ.

ಈ ವರ್ಷದ ಸಮೂಹಗಾನಕ್ಕೆ ಅಭ್ಯಾಸ ಶುರುವಾಗಿದೆ. ನಾನು ಹಿಂದಿನ ಸಾಲಿನಲ್ಲೇ ಇದ್ದೇನೆ. ಜಾಗ ಬದಲಿಸಿ ಅಂತ ಈ ಸಲ ಕೇಳಲಿಲ್ಲ. ಮುಂದಿನ ಸಾಲಿನವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅನ್ನುವುದು ಇಲ್ಲಿಂದ ಚೆನ್ನಾಗಿ ಕೇಳಿಸುತ್ತದೆ.